ಸ್ಕೌಟ್ ಸೆಲ್ಯೂಟ್ ಹೊಡೆಯದಿದ್ದರೆ ಕಾರು ನಿಲ್ಲಿಸಿ: ಬ್ರಿಟನ್ನಿನ ಎಎ ಕೈಬದಲಾದ ಬಗೆ

ಕಾರು ಕೆಟ್ಟು ನಿಂತರೆ ಹಳದಿ ವ್ಯಾನು ಕಳಿಸುವ ಬ್ರಿಟನ್ನಿನ ಎಎ ಹುಟ್ಟಿದ್ದು ಪೊಲೀಸರ ಕಣ್ಣು ತಪ್ಪಿಸಲು. ಆಗಿನ ವೇಗಮಿತಿ ಗಂಟೆಗೆ 20 ಮೈಲಿ. ಪೊಲೀಸರು ರಸ್ತೆಯಲ್ಲಿ ಇಷ್ಟು ದೂರ ಎಂದು ಅಳೆದಿಟ್ಟು, ಮರೆಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂರುತ್ತಿದ್ದರು. 1905ರಲ್ಲಿ ಲಂಡನ್ನಿನ ಟ್ರೊಕಡೆರೊ ರೆಸ್ಟೊರೆಂಟಿನಲ್ಲಿ ಸೇರಿದ ಕಾರು ಮಾಲೀಕರು ಆಟೊಮೊಬೈಲ್ ಅಸೋಸಿಯೇಷನ್ ಕಟ್ಟಿ, ಮುಂದೆ ಪೊಲೀಸರಿದ್ದಾರೆಂದು ಎಚ್ಚರಿಸಲು ಸೈಕಲ್ ಸ್ಕೌಟ್‌ಗಳನ್ನು ರಸ್ತೆಗೆ ಬಿಟ್ಟರು.

ಜೋರಾಗಿ ಬರುತ್ತಿರುವವನಿಗೆ ಹೀಗೆ ಸನ್ನೆ ಮಾಡುವುದು ಪೊಲೀಸರ ಕರ್ತವ್ಯಕ್ಕೆ ಅಡ್ಡಿ ಎಂದು ಕೋರ್ಟು ಹೇಳಿತು. ಎಎ ಕಂಡುಕೊಂಡ ದಾರಿ ಜಾಣತನದ್ದು: ಕಾರಿನ ಮೇಲೆ ಬ್ಯಾಡ್ಜ್ ಕಂಡರೆ ಸ್ಕೌಟ್ ಸೆಲ್ಯೂಟ್ ಹೊಡೆಯಬೇಕು, ಹೊಡೆಯದಿದ್ದರೆ ಸದಸ್ಯ ನಿಲ್ಲಿಸಿ ಕಾರಣ ಕೇಳಬೇಕು. ಸನ್ನೆ ಮಾಡಿದವನ ಮೇಲೆ ಕೇಸು ಹಾಕಬಹುದು, ಸುಮ್ಮನೆ ನಿಂತವನ ಮೇಲೆ ಹಾಕುವುದು ಹೇಗೆ? ಸೆಲ್ಯೂಟ್ 1961ರವರೆಗೂ ಉಳಿಯಿತು.

1912ರಿಂದ ಸ್ಕೌಟ್‌ಗಳು ನಿಲ್ಲುವ ರಸ್ತೆಬದಿ ಗೂಡುಗಳು ಬಂದವು. ಅವುಗಳಲ್ಲಿ ಫೋನು ಬಂದ ಮೇಲೆ ಬೀಗದ ಕೈ ಸದಸ್ಯರ ಜೇಬಿನಲ್ಲೇ ಇರುತ್ತಿತ್ತು. 1973ರ ‘ರಿಲೇ’ ಸೇವೆ, ಸ್ಥಳದಲ್ಲಿ ರಿಪೇರಿಯಾಗದ ಕಾರನ್ನು ಜನರ ಸಮೇತ ಹೋಗಬೇಕಾದ ಊರಿಗೇ ಮುಟ್ಟಿಸತೊಡಗಿತು.

ಇಷ್ಟೂ ಕಾಲ ಎಎಗೆ ಸದಸ್ಯರೇ ಒಡೆಯರು. 1999ರಲ್ಲಿ ಅವರು ತಲೆಗೆ ಇನ್ನೂರು ಚಿಲ್ಲರೆ ಪೌಂಡ್ ಪಡೆದು, ಬ್ರಿಟಿಷ್ ಗ್ಯಾಸ್ ಎಂಬ ಅನಿಲ ಕಂಪನಿಯ ಒಡೆಯನಾದ ಸೆಂಟ್ರಿಕಾಗೆ 110 ಕೋಟಿ ಪೌಂಡಿಗೆ ಮಾರಿದರು. ನನ್ನ ಪ್ರಕಾರ ಎಎ ಹಾದಿ ತಪ್ಪಿದ್ದು ಇಲ್ಲೇ. 2004ರಲ್ಲಿ ಸಿವಿಸಿ ಮತ್ತು ಪರ್ಮಿರಾ ಎಂಬ ಹೂಡಿಕೆ ಸಂಸ್ಥೆಗಳು ಅದನ್ನು 175 ಕೋಟಿಗೆ ಕೊಂಡವು. ಇಂಥ ಖರೀದಿಯಲ್ಲಿ ಕೊಳ್ಳುವವರ ಸ್ವಂತ ಹಣ ಕಡಿಮೆ. ಉಳಿದದ್ದು ಸಾಲ, ಅದನ್ನು ತೀರಿಸಬೇಕಾದದ್ದು ಕೊಳ್ಳಲ್ಪಟ್ಟ ಕಂಪನಿಯೇ. ಸಾಲ ಕೊಡುವವರಿಗೆ ಎಎ ಬಲು ಇಷ್ಟ, ಏಕೆಂದರೆ ಚಂದಾ ಪ್ರತಿವರ್ಷ ಮುಂಗಡವಾಗಿ ಬರುತ್ತದೆ. 2007ರಲ್ಲಿ, ಐವತ್ತು ದಾಟಿದವರಿಗೆ ವಿಮೆ ಮತ್ತು ಪ್ರವಾಸ ಮಾರುವ ಸಾಗಾ ಕಂಪನಿಯ ಜೊತೆ ವಿಲೀನವಾಯಿತು. 2013ರಲ್ಲಿ ವ್ಯವಹಾರದ ಇಡೀ ಆದಾಯವನ್ನೇ ಅಡವಿಟ್ಟು ಸುಮಾರು 300 ಕೋಟಿ ಪೌಂಡ್ ಸಾಲ ಎತ್ತಲಾಯಿತು.

2014ರಲ್ಲಿ ಷೇರುಪೇಟೆಗೆ ಬಂದಾಗ ಷೇರಿನ ಬೆಲೆ 250 ಪೆನ್ಸ್. ಬಡ್ಡಿ, ವ್ಯಾನು, ಸಿಬ್ಬಂದಿ, ಕಂಪ್ಯೂಟರ್ ವ್ಯವಸ್ಥೆ, ಎಲ್ಲಕ್ಕೂ ಅದೇ ಚಂದಾ ಹಣ ಹಂಚಿಕೆಯಾಗಬೇಕಿತ್ತು. 2018ರಲ್ಲಿ ಲಾಭಾಂಶಕ್ಕೆ ಕತ್ತರಿ ಬಿತ್ತು, ಷೇರು ಕುಸಿಯಿತು. 2021ರಲ್ಲಿ ಟವರ್‌ಬ್ರೂಕ್ ಮತ್ತು ವಾರ್‌ಬರ್ಗ್ ಪಿಂಕಸ್ ಎಂಬ ಹೂಡಿಕೆ ಸಂಸ್ಥೆಗಳು ಷೇರಿಗೆ 35 ಪೆನ್ಸ್ ಕೊಟ್ಟು ಮತ್ತೆ ಖಾಸಗಿ ಮಾಡಿಕೊಂಡವು. ಎಲ್ಲ ಷೇರುಗಳಿಗೆ ಸಿಕ್ಕಿದ್ದು 21.9 ಕೋಟಿ ಪೌಂಡ್. ಕಂಪನಿಯ ತಲೆಮೇಲಿದ್ದ ಸಾಲ ಸುಮಾರು 265 ಕೋಟಿ, ಹನ್ನೆರಡು ಪಟ್ಟು.