ಕುರ್ಚಿಯಿಂದ ತಾವೇ ಏಳಲಿ ಬಿಡಿ

ನಾನು ಮನೆಮನೆಗೆ ಹೋಗಿ ಫಿಜಿಯೋಥೆರಪಿ ಮಾಡಿಸುವವಳು. ವಯಸ್ಸಾದವರ ಮನೆಗೆ ಹೋದರೆ ರಿಪೋರ್ಟ್ ಫೈಲ್ ಆಮೇಲೆ. ಮೊದಲು ಅವರು ಕುರ್ಚಿಯಿಂದ ಹೇಗೆ ಏಳುತ್ತಾರೆ ಅಂತ ನೋಡುತ್ತೇನೆ. ಕೈ ಊರದೆ ಎದ್ದರೆ ನನಗೆ ಅರ್ಧ ಸಮಾಧಾನ. ಎರಡು ಸಲ ಮುಂದಕ್ಕೆ ಜೀಕಿ, ಕುರ್ಚಿಯ ಕೈಗಳನ್ನು ಒತ್ತಿ ಹಿಡಿದು ಎದ್ದರೆ ತೊಡೆಯಲ್ಲಿ ಶಕ್ತಿ ಕಡಿಮೆಯಾಗಿದೆಯಾ ಅಂತ ಅನುಮಾನ. ಏಳೋಕೆ ಆಗದಿದ್ದರೆ ಶೌಚಾಲಯಕ್ಕೂ ಇನ್ನೊಬ್ಬರು ಬೇಕಲ್ವಾ? ಒಬ್ಬರೇ ಇರಬಹುದೋ ಇಲ್ಲವೋ ಅನ್ನೋದು ಎಷ್ಟೋ ಸಲ ಇಲ್ಲೇ ಗೊತ್ತಾಗಿಬಿಡುತ್ತದೆ.

ಆಮೇಲೆ ಒಂದು ಸಣ್ಣ ಪರೀಕ್ಷೆ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ನನ್ನ ಕಣ್ಣು ಮಾತ್ರ ಅವರು ತಿರುಗುವ ಜಾಗದ ಮೇಲೆ. ಪುಟ್ಟ ಪುಟ್ಟ ಹೆಜ್ಜೆ ಇಟ್ಟು, ಗೋಡೆ ಹುಡುಕುತ್ತಾ ತಿರುಗುವವರು ಅಡುಗೆಮನೆಯಲ್ಲೂ ಹಾಗೇ ತಿರುಗುತ್ತಾರೆ, ಕೈಯಲ್ಲಿ ಬಿಸಿ ಪಾತ್ರೆ ಹಿಡಿದು.

ಒಂದು ಮನೆಯಲ್ಲಿ ಅಜ್ಜಿ ಸ್ವಲ್ಪ ಅಲುಗಾಡಿದರೆ ಸಾಕು, ಮಗ ಓಡಿ ಬಂದು ಕಂಕುಳಿಗೆ ಕೈ ಹಾಕಿ ಎತ್ತಿಬಿಡುತ್ತಿದ್ದರು. "ನೀನು ಕೂತ್ಕೊಮ್ಮಾ, ಏನ್ ಬೇಕು ಹೇಳು, ನಾನು ತರ್ತೀನಿ." ಪ್ರೀತಿಯೇ, ಸುಳ್ಳಲ್ಲ. ಆದರೆ ಆ ತೊಡೆಗಳಿಗೆ ದಿನಕ್ಕೆ ಸಿಗಬಹುದಾಗಿದ್ದ ವ್ಯಾಯಾಮ ಅಂದರೆ ಕುರ್ಚಿಯಿಂದ ತಾವೇ ಏಳುವುದೊಂದೇ. ಆರೋಗ್ಯವಾಗಿದ್ದ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಗಿತ್ತು. ಅಷ್ಟರಲ್ಲೇ ಕಾಲುಗಳಿಂದ ಹತ್ತಿರ ಹತ್ತಿರ 1 ಕೆ.ಜಿ. ಮಾಂಸಖಂಡ ಕರಗಿತ್ತು. ಕಾರಣವಿಲ್ಲದೆ "ಪೂರ್ತಿ ರೆಸ್ಟ್ ಕೊಡಿ" ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುವುದು ಅದಕ್ಕೇ.

ಮಗನಿಗೆ ಕೈ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ನಿಲ್ಲಿ ಅಂದೆ. ಕುರ್ಚಿಗೆ ಗಟ್ಟಿ ದಿಂಬು ಹಾಕಿ ಎತ್ತರ ಮಾಡಿದೆವು. ಅಜ್ಜಿಗೆ ಹೇಳಿಕೊಟ್ಟಿದ್ದು ಇಷ್ಟೇ: ಕುರ್ಚಿಯ ಅಂಚಿಗೆ ಬನ್ನಿ, ಪಾದ ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ, ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಬಗ್ಗಿ, ಈಗ ಏಳಿ. ಕೂರುವಾಗ ಧೊಪ್ಪನೆ ಬೀಳಬೇಡಿ, ನಿಧಾನ. ನಿಜವಾದ ಕೆಲಸ ಈ ಕೂರುವುದರಲ್ಲೇ ಇದೆ. ಕಾಲು ಗಟ್ಟಿಯಾದ ಹಾಗೆ ದಿಂಬು ತೆಳುವಾಯಿತು. ಮಗನಿಗೇ ಜಾಸ್ತಿ ಕಷ್ಟವಾಗಿದ್ದು, ಸುಮ್ನೆ ನಿಂತು ನೋಡಬೇಕಲ್ಲ!

"ನಾನು ದಿನಾ ವಾಕಿಂಗ್ ಮಾಡ್ತೀನಲ್ಲ" ಅನ್ನುವವರೂ ಇದ್ದಾರೆ. ಒಳ್ಳೆಯದೇ, ಬಿಡಬೇಡಿ. ಆದರೆ ಬರೀ ನಡಿಗೆ ಸಾಲದು. 65 ದಾಟಿದವರು ವಾರಕ್ಕೆ ಕನಿಷ್ಠ 3 ದಿನ ಸಮತೋಲನ ಮತ್ತು ಶಕ್ತಿಯ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅಲುಗಾಡದ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಿಲ್ಲುವುದು, ಇಂಥವು.

ಮನೆಯೊಳಗಿನ ಮಾತು ಬೇಗ ಮುಗಿಸುತ್ತೇನೆ. ಬಚ್ಚಲಲ್ಲಿ ಟವೆಲ್ ಹಾಕುವ ಕಂಬಿ ಮನುಷ್ಯರ ಭಾರ ತಡೆಯುವುದಿಲ್ಲ, ಗೋಡೆಗೆ ಭದ್ರವಾಗಿ ಕೂರಿಸಿದ ಹಿಡಿಕೆ ಬೇಕು. ಹಾಸಿಗೆಯಿಂದ ಶೌಚಾಲಯದವರೆಗೆ ರಾತ್ರಿ ದೀಪ ಇರಲಿ. ಎದ್ದ ಕೂಡಲೇ ತಲೆ ಸುತ್ತಿದರೆ ಕೂತಾಗ ಒಮ್ಮೆ, ನಿಂತ ಮೇಲೆ ಒಮ್ಮೆ ಬಿಪಿ ನೋಡಿಸಿ. ಬಿಪಿ ಮಾತ್ರೆ, ನಿದ್ರೆ ಮಾತ್ರೆ ಇದ್ದರೆ ಡಾಕ್ಟರಿಗೆ ತೋರಿಸಿ, ನೀವೇ ನಿಲ್ಲಿಸಬೇಡಿ.

ಬಿದ್ದವರಿಗೆ ಗಾಯ ವಾಸಿಯಾದ ಮೇಲೂ ಹೆದರಿಕೆ ಉಳಿಯುತ್ತದೆ. ಹೊರಗೆ ಹೋಗುವುದು ನಿಲ್ಲುತ್ತದೆ, ಕಾಲು ಇನ್ನೂ ಸೋಲುತ್ತದೆ, ಮತ್ತೆ ಬೀಳುತ್ತಾರೆ. ಇಲ್ಲಿ ನನಗಿಂತ ಪಕ್ಕದ ಮನೆಯವರೇ ಹೆಚ್ಚು ಕೆಲಸಕ್ಕೆ ಬರುತ್ತಾರೆ. "ಬನ್ನಿ, ಆ ತಿರುವಿನವರೆಗೆ ಹೋಗಿ ಬರೋಣ" ಅಂತ ಕರೆದರೆ ಸಾಕು. ಅವರ ವೇಗಕ್ಕೇ ನಡೆಯಿರಿ. ಮಾತಾಡುತ್ತಾ ಅವರು ನಿಂತುಬಿಟ್ಟರೆ, ನೀವೂ ನಿಂತು ಮಾತಾಡಿ.

ಕೋಲು ಬೇಕಾದವರು ಇನ್ಯಾರದೋ ಹಳೇ ಕೋಲು ಹಾಗೇ ಹಿಡಿಯಬೇಡಿ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕಿರಬೇಕು. ಬಲಗಾಲು ನೋವಾದರೆ ಎಡಗೈಯಲ್ಲಿ ಹಿಡಿಯಬೇಕು. ತುಂಬಾ ಜನ ಉಲ್ಟಾ ಹಿಡಿಯುತ್ತಾರೆ. ಕೆಳಗಿನ ರಬ್ಬರ್ ಸವೆದಿದೆಯಾ ಅಂತಲೂ ತಿರುಗಿಸಿ ನೋಡಿ.