ಗುಜರಿಗೆ ಹೋಗೋ ಮುಂಚೆ ಟೇಪ್ ಹಿಡಿದು ನಿಮ್ಮ ಗಾಡಿ ಅಳೆಯಿರಿ

'ಸ್ವಿಫ್ಟ್‌ದು ಸ್ವಿಫ್ಟಿಗೆ ಕೂಡ್ತದ ಸಾಹೇಬ್ರ, ಕಣ್ಣು ಮುಚ್ಚಿ ಒಯ್ರಿ' ಅಂತಾರೆ ಗುಜರಿ ಅಂಗಡಿಯವರು. ಬಾನೆಟ್, ಡೋರ್ ಆದರೆ ಅರ್ಧ ನಂಬಬಹುದು. ಏಪ್ರನ್ (ಮುಂದಿನ ಚಕ್ರದ ಒಳಗಡೆಯ ತಗಡು), ಪಿಲ್ಲರ್ (ಛಾವಣಿ ಹೊರುವ ಕಂಬ), ಚಾಸಿ ಮೆಂಬರ್ (ಅಡಿಯ ಉದ್ದ ತೊಲೆ) ವಿಷಯದಲ್ಲಿ ಬೇಡ. ಬೋಲ್ಟ್ ಬಿಚ್ಚಿ ವಾಪಸ್ ಕೊಡುವ ಸಾಮಾನಲ್ಲ ಅದು, ವೆಲ್ಡ್ ಮಾಡಿ ಕೂರಿಸೋದು, ನಿಮ್ಮ ಗಾಡಿಯ ಹಳೇ ತುಂಡು ಕತ್ತರಿಸಿ ಎಸೆದ ಮೇಲೆ ಇದು ಕೂಡಲಿಲ್ಲ ಅಂದರೆ ಯಾರನ್ನು ಕೇಳ್ತೀರಿ?

ನನ್ನ ತಮ್ಮನದು 2013ರ ಡೀಸೆಲ್ ಸ್ವಿಫ್ಟ್. ಜೇವರ್ಗಿ ರಸ್ತೆಯಲ್ಲಿ ರಾತ್ರಿ ಲೈಟಿಲ್ಲದೆ ನಿಂತಿದ್ದ ತೊಗರಿ ಚೀಲದ ಟ್ರಾಲಿಗೆ ಮೂಲೆ ತಾಗಿ ಕ್ಲೀನರ್ ಸೈಡಿನ (ಎಡಗಡೆಯ) ಏಪ್ರನ್ ಮಡಚಿಕೊಂಡಿತ್ತು. ಇನ್ಶೂರೆನ್ಸ್ ಬರೀ ಥರ್ಡ್ ಪಾರ್ಟಿ, ಸ್ವಂತ ಗಾಡಿಗೆ ಏನೂ ಸಿಗಲ್ಲ. ಫುಲ್ ಇದ್ದಿದ್ದರೂ ಜೀರೋ ಡೆಪ್ (ಸವಕಳಿ ಕಡಿಯದ ಪಾಲಿಸಿ) ಇಲ್ಲದಿದ್ದರೆ, 10 ವರ್ಷ ದಾಟಿದ ಗಾಡಿಯ ಲೋಹದ ಪಾರ್ಟಿಗೆ ಅರ್ಧ ಬೆಲೆ ಕಡಿಯುತ್ತಾರೆ. ಹಾಗಾಗಿ ಹಳೇ ಪಾರ್ಟೇ ಸರಿ ಅಂತಾಯ್ತು. ಕಲಬುರಗಿಯವರಿಗೆ ಬೆಂಗಳೂರು ದೂರ, ಹೈದರಾಬಾದ್ ಇಲ್ಲಾ ಸೋಲಾಪುರವೇ ಗತಿ ಅಲ್ವಾ.

ಮೊದಲು ಮಾಡೆಲ್. ಸ್ವಿಫ್ಟ್ 2005ರಲ್ಲಿ ಬಂತು, 2011ರಲ್ಲಿ ಬಾಡಿ ಪೂರ್ತಿ ಬದಲಾಯ್ತು, 2018ರಲ್ಲಿ ಮತ್ತೆ ಬದಲಾಯ್ತು, 2024ರಲ್ಲಿ ಇನ್ನೊಂದು ಬಂತು. 2014ರಲ್ಲಿ ಆದದ್ದು ಮಾತ್ರ ಮುಖ ತೊಳೆದ ಹಾಗೆ, ಬಂಪರ್, ಗ್ರಿಲ್ ಅಷ್ಟೇ. ಆರ್‌ಸಿಯಲ್ಲಿ ರಿಜಿಸ್ಟ್ರೇಷನ್ ವರ್ಷ ನೋಡಬೇಡಿ, ತಯಾರಾದ ತಿಂಗಳು ನೋಡಿ. 2018ರಲ್ಲಿ ರಿಜಿಸ್ಟರ್ ಆದ ಗಾಡಿ ಹಳೇ ಬಾಡಿಯದ್ದೇ ಇರಬಹುದು.

ಇದಕ್ಕಿಂತ ಗಟ್ಟಿ ದಾರಿ ಪಾರ್ಟ್ ನಂಬರ್. ನಿಮ್ಮ ಗಾಡಿಯ 17 ಅಕ್ಷರದ ಚಾಸಿ ನಂಬರ್ ಬರೆದುಕೊಳ್ಳಿ, ಗುಜರಿ ಗಾಡಿಯದ್ದೂ ಫೋಟೋ ತರಿಸಿಕೊಳ್ಳಿ. ಎರಡನ್ನೂ ಕಂಪನಿ ಪಾರ್ಟ್ಸ್ ಕೌಂಟರಿನಲ್ಲಿ ಕೊಟ್ಟು ಏಪ್ರನ್ ನಂಬರ್ ಕೇಳಿ. ಒಂದೇ ಬಂದರೆ ಅರ್ಧ ಕೆಲಸ ಮುಗೀತು. ಬೇರೆ ಬಂದರೆ ಯಾಕೆ ಬೇರೆ ಅಂತ ಕೇಳಿ. ಪೆಟ್ರೋಲ್ 1.2 ಎಂಜಿನ್ನೇ ಬೇರೆ, ಡೀಸೆಲ್ 1.3 ಎಂಜಿನ್ನೇ ಬೇರೆ. ಎಂಜಿನ್ ಹಿಡಿದು ನಿಲ್ಲಿಸುವ ಮೌಂಟಿಂಗ್ ಕೂರುವ ಜಾಗದಲ್ಲೇ ಎಡವಟ್ಟಾಗೋದು. ಇನ್ನೊಂದು, 2019ರ ಅಕ್ಟೋಬರ್‌ನಿಂದ ಎಲ್ಲಾ ಕಾರುಗಳಿಗೂ ಕ್ರ್ಯಾಶ್ ಟೆಸ್ಟ್ ನಿಯಮ ಬಂತು. ಆಮೇಲಿನ ಗಾಡಿಗೆ ಮುಂಚಿನ ಪಿಲ್ಲರ್ ಕೂರಿಸೋಕೆ ಹೋದರೆ, ನೋಡೋಕೆ ಒಂದೇ ಥರ ಇದ್ದರೂ ನಂಬರ್ ನೋಡದೆ ಮುಟ್ಟಬೇಡಿ.

ಇನ್ನು ಅಳತೆ. ನಮ್ಮ ಟಿಂಕರ್ ಉಸ್ತಾದ್ ಹೇಳಿದ್ದು ಇಷ್ಟೇ: 'ಫೋಟೋ ಬ್ಯಾಡ್ರಿ, ಅಳತಿ ತರ್ರಿ.' ಶಾಕ್ ಅಬ್ಸಾರ್ಬರ್ ಟವರಿನ ಬೋಲ್ಟ್ ತೂತಿಂದ ರೇಡಿಯೇಟರ್ ಸಪೋರ್ಟಿನ ತೂತಿನವರೆಗೆ, ತೂತಿನ ನಡುವಿಂದ ನಡುವಿಗೆ ಟೇಪ್ ಹಿಡಿಯಿರಿ. ಅಡ್ಡಕ್ಕೂ ಹಿಡಿಯಿರಿ, ಮೂಲೆಯಿಂದ ಮೂಲೆಗೂ ಹಿಡಿಯಿರಿ. ನಿಮ್ಮ ಗಾಡಿಯ ಮಡಚಿದ ಕಡೆ ಅಳೆದು ಉಪಯೋಗವಿಲ್ಲ, ಪೆಟ್ಟಾಗದ ಕಡೆ ಅಳೆಯಿರಿ, ಆದರೆ ಬ್ರಾಕೆಟ್ಟುಗಳು ಎರಡೂ ಕಡೆ ಒಂದೇ ಅಂದುಕೊಳ್ಳಬೇಡಿ. ಒಂದು ಕಡೆ ಎಂಜಿನ್ ಮೌಂಟ್, ಇನ್ನೊಂದು ಕಡೆ ಗೇರ್‌ಬಾಕ್ಸ್ ಮೌಂಟ್. ತಮ್ಮ ಶೂ ಡಬ್ಬಿಯ ರಟ್ಟನ್ನು ಮೌಂಟಿಂಗ್ ಮೇಲೆ ಒತ್ತಿ, ಬಿದ್ದ ತೂತಿನ ಗುರುತಿಗೆ ಪೆನ್ ಓಡಿಸಿಕೊಂಡು ಜೊತೆಗೆ ಒಯ್ದ. ಅಂಗಡಿಯಲ್ಲಿ ಒಂದು ಏಪ್ರನ್ ಮೇಲೆ ಇಟ್ಟರೆ ಮೂರನೇ ತೂತು ಬೆರಳಷ್ಟು ಪಕ್ಕಕ್ಕಿತ್ತು. ಅಂಗಡಿಯವನಿಗೆ 'ಡ್ರಿಲ್ ಹೊಡೀರಿ ಆಯ್ತು' ಅನ್ನೋಕೆ ಏನು, ಬಾಯಿ ತಾನೇ!

ಗುಜರಿ ಗಾಡಿ ಹೇಗೆ ಬಂತು ಅಂತಲೂ ಕೇಳಿ. ಮುಂದಿನ ತುಂಡು ಬೇಕಾದರೆ ಹಿಂದಿನಿಂದ ಗುದ್ದಿಸಿಕೊಂಡ ಗಾಡಿ ಹುಡುಕಿ. ಅಂಚಲ್ಲಿ ಕಂಪನಿಯ ಸ್ಪಾಟ್ ವೆಲ್ಡಿನ ದುಂಡು ಗುಂಡಿಗಳು ಸಾಲಾಗಿರಬೇಕು. ಅವು ಕಾಣದಿದ್ದರೆ ಮ್ಯಾಗ್ನೆಟ್ ಇಡಿ. ಸಡಿಲ ಅಂಟಿದರೆ ಕೆಳಗೆ ಪುಟ್ಟಿ ಇದೆ, ಮೊದಲೇ ರಿಪೇರಿ ಆದ ತುಂಡು ಅಂತ.

ಗ್ಯಾಸ್ ಕಟರಿನಿಂದ ಕೊಯ್ಯೋಕೆ ಬಿಡಬೇಡಿ. ಬಿಸಿಗೆ ತಗಡು ಸೊಟ್ಟಗಾಗುತ್ತದೆ, ಗಟ್ಟಿ ಸ್ಟೀಲ್ ಆದರೆ ಬಲವೂ ಹೋಗುತ್ತದೆ. ಗ್ರೈಂಡರಿನಿಂದ, ಜೋಡಣೆಗಿಂತ ನಾಲ್ಕೈದು ಇಂಚು ಆಚೆ ಕೊಯ್ಯಿಸಿ. ಸುಮ್ನೆ ಜಾಸ್ತಿ ತಗಡು ಯಾಕೆ ಅಂತ ಗೊಣಗುತ್ತಾರೆ, ಗೊಣಗಲಿ. ಸರಿಯಾದ ಜಾಗದಲ್ಲಿ ವೆಲ್ಡ್ ಬಿಡಿಸೋದು ಟಿಂಕರ್ ಕೆಲಸ.

ಚಾಸಿ ನಂಬರ್ ಪಂಚ್ ಆಗಿರುವ ತುಂಡು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ, ಆರ್‌ಟಿಓದಲ್ಲಿ ಉತ್ತರ ಕೊಡೋಕಾಗಲ್ಲ. ಯಾವ ಗಾಡಿಯಿಂದ ಕತ್ತರಿಸಿದ್ದು ಅಂತ ಅದರ ನಂಬರ್ ಬರೆಸಿ ಬಿಲ್ ತಗೊಳ್ಳಿ. ಬಿಲ್ ಕೊಡಲ್ಲ ಅಂದರೆ ಪಕ್ಕದ ಅಂಗಡಿ ನೋಡಿ.