ಎರಡನೆಯ ಬ್ಯಾಟರಿ ಯಾಕೆ?

ಪ್ರದರ್ಶನದ ದಿನ ಹಿರಿಯರೊಬ್ಬರು ನನ್ನ ವಿದ್ಯಾರ್ಥಿನಿಯ ಮೇಜಿನ ಮುಂದೆ ಬಹಳ ಹೊತ್ತು ನಿಂತರು. ಕೈ ಹತ್ತಿರ ತಂದರೆ ತಾನಾಗಿ ಮುಚ್ಚಳ ತೆರೆಯುವ ಕಸದ ಡಬ್ಬಿ ಅವಳದು. ಎರಡು ಮೂರು ಬಾರಿ ಕೈ ಚಾಚಿ ನೋಡಿದರು. ಪ್ರತಿ ಸಲವೂ ಮುಚ್ಚಳ ಎದ್ದಿತು. ಆಮೇಲೆ ಬಾಗಿ ಡಬ್ಬಿಯ ಹಿಂಬದಿ ನೋಡಿ, "ಇಲ್ಲಿ ಎರಡು ಬ್ಯಾಟರಿ ಇವೆಯಲ್ಲಮ್ಮ, ಎರಡನೆಯದು ಯಾಕೆ?" ಎಂದು ಕೇಳಿದರು.

ಅವಳು ನನ್ನ ಕಡೆ ತಿರುಗಿದಳು. "ಅದನ್ನು ಮೇಡಂ ಹಾಕಿದರು" ಎಂದಳು.

ಆ ಹಿರಿಯರು ನಕ್ಕು ಮುಂದಿನ ಮೇಜಿಗೆ ಹೋದರು. ನನಗೆ ಮಾತ್ರ ಆ ಉತ್ತರ ಅಂದು ರಾತ್ರಿಯೂ ಬಿಡಲಿಲ್ಲ. ಪ್ರೌಢಶಾಲೆಯ ಮಕ್ಕಳಿಗೆ ತಂತ್ರಜ್ಞಾನ ಮತ್ತು ಎಂಜಿನಿಯರಿಂಗ್ ಐಚ್ಛಿಕ ವಿಷಯವನ್ನು ಕಲಿಸುವುದು ನನ್ನ ಕೆಲಸ. ಆ ಹುಡುಗಿ ಒಂದು ವರ್ಷ ನನ್ನ ಪ್ರಯೋಗಾಲಯದಲ್ಲಿ ಕುಳಿತು ತನ್ನದೇ ಯಂತ್ರ ಕಟ್ಟಿದ್ದಳು. ಅದರ ಹೃದಯದಂತಿದ್ದ ಭಾಗ ಅವಳದಾಗಿರಲಿಲ್ಲ, ನನ್ನದಾಗಿತ್ತು.

ಆದದ್ದು ಇಷ್ಟು. ಪ್ರದರ್ಶನಕ್ಕೆ ನಾಲ್ಕು ದಿನ ಮುಂಚೆ ಅವಳ ಡಬ್ಬಿ ಹಟ ಹಿಡಿಯಿತು. ಕೈ ತಂದರೆ ಮುಚ್ಚಳ ಒಂದಿಷ್ಟು ಏಳುತ್ತಿತ್ತು, ನಡುಗುತ್ತಿತ್ತು, ಮತ್ತೆ ಬೀಳುತ್ತಿತ್ತು, ಮತ್ತೆ ಏಳಲು ನೋಡುತ್ತಿತ್ತು. ಅವಳು ಪ್ರೋಗ್ರಾಮಿನಲ್ಲಿ ತಪ್ಪಿದೆ ಎಂದುಕೊಂಡು ಮೂರು ದಿನ ಸಾಲು ಸಾಲಾಗಿ ಬದಲಿಸಿದಳು. ಕಂಪ್ಯೂಟರಿಗೆ ಯುಎಸ್‌ಬಿ ತಂತಿಯಿಂದ ಜೋಡಿಸಿದಾಗ ಎಲ್ಲ ಸರಿ, ತಂತಿ ಕಿತ್ತು ಬ್ಯಾಟರಿಗೆ ಹಾಕಿದರೆ ಕೆಡುತ್ತದೆ ಎಂಬುದನ್ನು ಅವಳೇ ನನಗೆ ಹೇಳಿದ್ದಳು. ಎಂಥ ಸುಳಿವು ಅದು! ಉತ್ತರದ ಮುಕ್ಕಾಲು ಭಾಗ ಅವಳ ಕೈಯಲ್ಲೇ ಇತ್ತು. "ಹಾಗಾದರೆ ಪ್ರೋಗ್ರಾಮ್ ತಪ್ಪಾಗಿರಲು ಸಾಧ್ಯವೇ?" ಎಂದು ನಾನು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ನಾಲ್ಕನೆಯ ಸಂಜೆ, ಅವಳು ಮನೆಗೆ ಹೋದ ಮೇಲೆ, ಹತ್ತು ನಿಮಿಷದಲ್ಲಿ ನಾನೇ ಸರಿಮಾಡಿಬಿಟ್ಟೆ. ಬೆಳಿಗ್ಗೆ ಅವಳ ಮುಖ ಅರಳಿದ್ದನ್ನು ಕಂಡು ಒಳ್ಳೆಯ ಕೆಲಸ ಮಾಡಿದೆ ಎಂದೇ ಭಾವಿಸಿದೆ.

ದೋಷ ಎಲ್ಲಿತ್ತು ಎಂಬುದನ್ನು ವಿವರಿಸಿಯೇ ಮುಂದೆ ಹೋಗುತ್ತೇನೆ, ಏಕೆಂದರೆ ಈ ವಿಷಯದ ಸೊಗಸು ಅಲ್ಲೇ ಇದೆ. ಅವಳು ಬಳಸಿದ್ದು 9 ವೋಲ್ಟಿನ ಚಿಕ್ಕ ಚೌಕ ಬ್ಯಾಟರಿ. ಅದರ ಆಂತರಿಕ ರೋಧ, ಅಂದರೆ ಕರೆಂಟ್ ಹರಿಯಲು ಬ್ಯಾಟರಿಯೊಳಗೇ ಇರುವ ಅಡ್ಡಿ, ಹೊಸದಿದ್ದಾಗಲೇ ಒಂದೆರಡು ಓಮ್ ಇರುತ್ತದೆ, ಬಳಸಿದಂತೆ ಏರುತ್ತದೆ. ಮುಚ್ಚಳ ಎತ್ತುವ ಪುಟ್ಟ ಸರ್ವೋ ಮೋಟಾರ್ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರ್) ಚಲಿಸಲು ಶುರುಮಾಡುವ ಕ್ಷಣದಲ್ಲಿ ಕೆಲವು ನೂರು ಮಿಲಿಆಂಪಿಯರ್ ಎಳೆಯುತ್ತದೆ. 2 ಓಮ್ ರೋಧದ ಮೂಲಕ ಅರ್ಧ ಆಂಪಿಯರ್ ಹರಿದರೆ 1 ವೋಲ್ಟ್ ಬ್ಯಾಟರಿಯೊಳಗೇ ಕಳೆದುಹೋಗುತ್ತದೆ. ಬ್ಯಾಟರಿ ಅರ್ಧ ಸವೆದಿದ್ದರೆ ಇನ್ನೂ ಹೆಚ್ಚು. ಅವಳ ಪ್ರೋಗ್ರಾಮನ್ನು ನಡೆಸುವ ಪುಟ್ಟ ಕಂಪ್ಯೂಟರಾದ ಆರ್ಡುಯಿನೊ ಊನೊ ಬೋರ್ಡಿಗೆ ಬ್ಯಾಟರಿ ಜೋಡಿಸುವ ದಾರಿಯಲ್ಲಿ ಕನಿಷ್ಠ 7 ವೋಲ್ಟ್ ಕೊಡಬೇಕೆಂಬುದು ತಯಾರಕರ ಸೂಚನೆ. ವೋಲ್ಟೇಜ್ ಅದಕ್ಕಿಂತ ಬಹಳ ಕುಸಿದಾಗ ಬೋರ್ಡ್ ರೀಸೆಟ್ ಆಗುತ್ತದೆ, ಅಂದರೆ ನಿಂತು ಮೊದಲಿನಿಂದ ಶುರುವಾಗುತ್ತದೆ. ಮತ್ತೆ ಎಚ್ಚೆತ್ತ ಕೂಡಲೇ ಅವಳ ಪ್ರೋಗ್ರಾಮಿನ ಮೊದಲ ಸಾಲು ಸರ್ವೋವನ್ನು ಮೂಲ ಸ್ಥಾನಕ್ಕೆ ತರಲು ಹೇಳುತ್ತದೆ. ಸರ್ವೋ ಮತ್ತೆ ಕರೆಂಟ್ ಎಳೆಯುತ್ತದೆ, ಬೋರ್ಡ್ ಮತ್ತೆ ಮಲಗುತ್ತದೆ. ಆ ನಡುಕದ ಗುಟ್ಟು ಇದು. ಹೊರಗಿನಿಂದ ನೋಡುವವರಿಗೆ ಪ್ರೋಗ್ರಾಮಿನ ತಪ್ಪಿನಂತೆಯೇ ಕಾಣುತ್ತದೆ.

ನಾನು ಮಾಡಿದ ಪರಿಹಾರ ಸರಳವಾದದ್ದು. ಸರ್ವೋಗೆ ಬೇರೆಯೇ ನಾಲ್ಕು ಸೆಲ್‌ಗಳ ಪೆಟ್ಟಿಗೆ ಕೊಟ್ಟೆ, ಎರಡೂ ಕಡೆಯ ಗ್ರೌಂಡ್ ತಂತಿಗಳನ್ನು, ಅಂದರೆ ಋಣ ತುದಿಯ ತಂತಿಗಳನ್ನು, ಒಂದುಗೂಡಿಸಿದೆ. ಗ್ರೌಂಡ್ ಸೇರಿಸದಿದ್ದರೆ ಬೋರ್ಡ್ ಕಳಿಸುವ ಸಂಕೇತಕ್ಕೆ ಸರ್ವೋ ಸರಿಯಾಗಿ ಸ್ಪಂದಿಸುವುದಿಲ್ಲ. ಎರಡು ಮೂಲಗಳನ್ನು ಬಳಸುವ ಮಕ್ಕಳು ಮೊದಲು ಎಡವುವುದು ಅಲ್ಲಿಯೇ. ಇಷ್ಟೂ ಪಾಠ ಆ ಹತ್ತು ನಿಮಿಷದಲ್ಲಿ ಇತ್ತು. ಅದನ್ನು ಕಲಿಯಬೇಕಾದವಳು ಮಾತ್ರ ಕೋಣೆಯಲ್ಲಿ ಇರಲಿಲ್ಲ.

ನಾನು ತರಗತಿಯಲ್ಲಿ ಪ್ರತಿವರ್ಷ ಹೇಳುವ ಒಂದು ದುರಂತವಿದೆ. 1981ರ ಜುಲೈ 17ರಂದು ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ಜನ ತುಂಬಿದ್ದಾಗ ತೂಗು ಕಾಲುದಾರಿಗಳು ಕುಸಿದು 114 ಜನ ಸತ್ತರು. ಮೊದಲ ವಿನ್ಯಾಸದಲ್ಲಿ ಛಾವಣಿಯಿಂದ ಇಳಿದ ಉದ್ದನೆಯ ಸರಳುಗಳು ನಾಲ್ಕನೆಯ ಮಹಡಿಯ ಕಾಲುದಾರಿಯನ್ನೂ ಎರಡನೆಯ ಮಹಡಿಯದನ್ನೂ ಹಿಡಿದಿರಬೇಕಿತ್ತು. ಕಟ್ಟುವ ಅನುಕೂಲಕ್ಕೆ ಒಂದು ಉದ್ದ ಸರಳಿನ ಬದಲು ಎರಡು ಗಿಡ್ಡ ಸರಳುಗಳಾದವು. ಕೆಳಗಿನ ಕಾಲುದಾರಿ ಮೇಲಿನದಕ್ಕೇ ತೂಗುಬಿದ್ದಿತು. ಒಂದೇ ಹಗ್ಗವನ್ನು ಇಬ್ಬರೂ ಹಿಡಿದು ನೇತಾಡುವುದಕ್ಕೂ, ಒಬ್ಬ ಹಗ್ಗ ಹಿಡಿದು ಇನ್ನೊಬ್ಬ ಅವನ ಕಾಲು ಹಿಡಿದು ನೇತಾಡುವುದಕ್ಕೂ ಇರುವ ವ್ಯತ್ಯಾಸ ಅದು: ಮೇಲಿನ ಜೋಡಣೆಯ ನಟ್ಟಿನ ಮೇಲೆ ಭಾರ ಎರಡರಷ್ಟಾಯಿತು. ಮಕ್ಕಳು ಇದನ್ನು ಕೂಡಲೇ ಹಿಡಿಯುತ್ತಾರೆ. ನನಗೆ ಹೆಚ್ಚು ಮುಖ್ಯವಾದುದು ಅದರ ಇನ್ನೊಂದು ಮುಖ. ಬದಲಾದ ಆ ಜೋಡಣೆ ಭಾರ ತಡೆಯುತ್ತದೆಯೇ ಎಂದು ಯಾರೂ ಲೆಕ್ಕ ಹಾಕಿ ನೋಡಿರಲಿಲ್ಲ. ಯಂತ್ರದೊಳಗೆ, ಕಟ್ಟಡದೊಳಗೆ, ಯಾರೂ ಉತ್ತರ ಕೊಡಲಾರದ ಒಂದು ತುಂಡು ಸೇರಿಕೊಂಡಿತ್ತು. ಈ ಕಥೆಯನ್ನು ವರ್ಷವರ್ಷವೂ ಹೇಳುತ್ತಿದ್ದ ನಾನೇ ನನ್ನ ವಿದ್ಯಾರ್ಥಿನಿಯ ಡಬ್ಬಿಯಲ್ಲಿ ಅಂಥದೊಂದು ತುಂಡನ್ನು ಇಟ್ಟಿದ್ದೆ.

ಮರುವರ್ಷದಿಂದ ತರಗತಿಯಲ್ಲಿ ಒಂದು ನಿಯಮ ತಂದೆ: ವಿದ್ಯಾರ್ಥಿಯ ಯಂತ್ರವನ್ನು ನಾನು ಮುಟ್ಟುವುದಿಲ್ಲ. ಕೆಟ್ಟಿದೆ ಎಂದು ಯಾರಾದರೂ ಬಂದರೆ ನಾನು ಕೇಳುವುದು, ಏನಾಗಬೇಕಿತ್ತು, ಏನಾಯಿತು, ಎಲ್ಲಿ ಅಳೆದೆ. ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಕೈಗಿಟ್ಟು ಕಳಿಸುತ್ತೇನೆ. ಮೊದಮೊದಲು ಕೈ ಕಟ್ಟಿ ನಿಲ್ಲುವುದು ನನಗೆ ಬಹಳ ಕಷ್ಟವಾಯಿತು. ಮೂರು ಹೆಜ್ಜೆ ದೂರದಿಂದಲೇ ತಪ್ಪು ಜಾಗಕ್ಕೆ ಚುಚ್ಚಿದ ತಂತಿ ಕಾಣುತ್ತಿರುತ್ತದೆ. ಬ್ರೆಡ್‌ಬೋರ್ಡಿನಲ್ಲಿ, ಅಂದರೆ ಬೆಸುಗೆಯಿಲ್ಲದೆ ತಂತಿ ಚುಚ್ಚಿ ಜೋಡಿಸುವ ಹಲಗೆಯಲ್ಲಿ, ಐದೈದು ರಂಧ್ರಗಳು ಒಳಗೇ ಸೇರಿಕೊಂಡಿರುತ್ತವೆ, ಮಧ್ಯದ ಕಾಲುವೆಯ ಆಚೆಗೆ ಆ ಜೋಡಣೆ ದಾಟುವುದಿಲ್ಲ. ಮಗು ಆ ಕಾಲುವೆಯನ್ನು ಮರೆತು ಅರ್ಧ ಗಂಟೆ ಒದ್ದಾಡುವುದನ್ನು ನೋಡುತ್ತಾ ಸುಮ್ಮನಿರಬೇಕು. ಆದರೆ ಅದನ್ನು ತಾನಾಗಿ ಕಂಡುಕೊಂಡ ಮಗು ಇನ್ನೊಮ್ಮೆ ಮರೆತದ್ದನ್ನು ನಾನು ನೋಡಿಲ್ಲ.

ಈ ನಿಯಮಕ್ಕೆ ಒಂದು ಮಿತಿಯಿದೆ. ಸುಮಾರು 350 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಬೆಸುಗೆ ಕಡ್ಡಿ, ಲಿಥಿಯಂ ಬ್ಯಾಟರಿಯ ತುದಿಗಳು ತಾಗುವ ಸಂಭವ, ಗೋಡೆಯ ವಿದ್ಯುತ್, ತಿರುಗುವ ಯಂತ್ರ: ಇವುಗಳ ಹತ್ತಿರ ಮಗು ತಪ್ಪಿ ಕಲಿಯಲಿ ಎಂಬ ಮಾತೇ ಇಲ್ಲ. ಅಲ್ಲಿ ನನ್ನ ಕೈ ಮೊದಲು ಹೋಗುತ್ತದೆ, ಪ್ರಶ್ನೆ ಆಮೇಲೆ.

ಅಳೆಯುವ ಮುನ್ನ ಊಹೆಯನ್ನು ಬರೆಯಬೇಕು ಎಂಬುದನ್ನೂ ಸೇರಿಸಿದೆ. ಇದು ಸಣ್ಣ ವಿಷಯದಂತೆ ಕಾಣುತ್ತದೆ, ನನ್ನ ತರಗತಿಯನ್ನು ಬದಲಿಸಿದ್ದು ಮಾತ್ರ ಇದೇ. ಉದಾಹರಣೆಗೆ ಅದೇ ಡಬ್ಬಿಯಲ್ಲಿ ಕೈ ಎಷ್ಟು ದೂರದಲ್ಲಿದೆ ಎಂದು ತಿಳಿಯುವ ಶ್ರವಣಾತೀತ ಸಂವೇದಕವನ್ನು ತೆಗೆದುಕೊಳ್ಳಿ. ಅದು ಕಿವಿಗೆ ಕೇಳಿಸದ 40 ಕಿಲೋಹರ್ಟ್ಸ್ ಶಬ್ದವನ್ನು ಹೊರಡಿಸಿ ಪ್ರತಿಧ್ವನಿ ಬರುವವರೆಗಿನ ಸಮಯವನ್ನು ಕೊಡುತ್ತದೆ. 20 ಡಿಗ್ರಿ ಉಷ್ಣತೆಯಲ್ಲಿ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಕೈ 20 ಸೆಂಟಿಮೀಟರ್ ದೂರದಲ್ಲಿದ್ದರೆ ಶಬ್ದ ಹೋಗಿ ಬರುವುದು 40 ಸೆಂಟಿಮೀಟರ್, ಅಂದರೆ ಸುಮಾರು 1,166 ಮೈಕ್ರೋಸೆಕೆಂಡ್. ಇದನ್ನು ಬರೆದಿಟ್ಟು ಅಳೆದಾಗ ಬಂದ ಅಂಕಿ ಸ್ವಲ್ಪ ಬೇರೆ ಇದ್ದರೆ ಮಗು ಯಾಕೆ ಎಂದು ಕೇಳುತ್ತದೆ. ಅಳತೆಪಟ್ಟಿ ಸಂವೇದಕದ ಮುಖದಿಂದ ಶುರುವಾಗಿತ್ತೇ? ಕೋಣೆ ಇನ್ನೂ ಬೆಚ್ಚಗಿದೆಯೇ? ಕೈಯ ಬದಲು ದಪ್ಪ ಬಟ್ಟೆ ಹಿಡಿದರೆ ಪ್ರತಿಧ್ವನಿ ಯಾಕೆ ಸರಿಯಾಗಿ ಬರುವುದಿಲ್ಲ? ಊಹೆ ಬರೆಯದೆ ಅಳೆದರೆ ಬಂದ ಅಂಕಿಯೇ ಸರಿ ಎಂದುಕೊಂಡು ಮುಂದೆ ಹೋಗಿಬಿಡುತ್ತಾರೆ. ಗಣಿತ ನನಗೆ ಬರುವುದಿಲ್ಲ, ಅದಕ್ಕೇ ಕೈಕೆಲಸದ ವಿಷಯ ಆರಿಸಿಕೊಂಡೆ ಎಂದು ಹೇಳಿಕೊಂಡು ಬರುವ ಮಕ್ಕಳು ಈ ಗುಣಾಕಾರ ಭಾಗಾಕಾರಗಳನ್ನು ಯಾರೂ ಒತ್ತಾಯಿಸದೆಯೇ ಮಾಡುತ್ತಾರೆ, ಏಕೆಂದರೆ ಉತ್ತರ ಸರಿಯೇ ಎಂದು ಹೇಳಲು ಅವರ ಮುಂದೆ ಒಂದು ವಸ್ತುವಿದೆ.

ಅಂಕಗಳನ್ನೂ ಬದಲಿಸಬೇಕಾಯಿತು. ಹಿಂದೆ ನೂರರಲ್ಲಿ 60 ಅಂಕ ಕೆಲಸ ಮಾಡುವ ಯಂತ್ರಕ್ಕಿತ್ತು. ಹಾಗಿದ್ದಾಗ ಮಗು ಕೊನೆಯ ವಾರ ಯಾರಿಂದಲಾದರೂ ಸರಿಮಾಡಿಸಿಕೊಂಡು ಬರುವುದು ಸಹಜವೇ. ಈಗ ಅದಕ್ಕೆ 20, ಮೌಖಿಕ ಪ್ರಶ್ನೆಗಳಿಗೆ 30, ನೋಟ್‌ಬುಕ್ಕಿಗೆ 50. ನೋಟ್‌ಬುಕ್ಕಿನಲ್ಲಿ ದಿನಾಂಕದೊಂದಿಗೆ ಊಹೆ, ಅಳತೆ, ಕೆಟ್ಟದ್ದು, ಬದಲಿಸಿದ್ದು ಎಲ್ಲವೂ ಇರಬೇಕು. ಹರಿದು ಅಂದವಾಗಿ ಮತ್ತೆ ಬರೆಯುವಂತಿಲ್ಲ. ವರ್ಷಕ್ಕೆ ಆರು ಯೋಜನೆಗಳಿದ್ದದ್ದು ಮೂರಾಯಿತು. ಇದನ್ನು ಒಪ್ಪದ ಪೋಷಕರಿದ್ದರು. ಅವರ ಮಾತಿನಲ್ಲೂ ನ್ಯಾಯವಿದೆ: ಹೆಚ್ಚು ಯಂತ್ರಗಳನ್ನು ಕಂಡ ಮಗುವಿಗೆ ತನಗೆ ಯಾವುದು ಇಷ್ಟ ಎಂದು ತಿಳಿಯುವ ಅವಕಾಶ ಹೆಚ್ಚು. ಆದರೂ ಮೂರಕ್ಕೇ ನಿಂತಿದ್ದೇನೆ.

ಎಲ್ಲರಿಗೂ ಇದು ಒಗ್ಗಿತು ಎನ್ನಲಾರೆ. ಮೊದಲ ವರ್ಷ ಒಬ್ಬ ಹುಡುಗ ಅರ್ಧದಲ್ಲೇ ಬೇರೆ ವಿಷಯಕ್ಕೆ ಹೋದ. ಅವನು ಮಾತು ಕಡಿಮೆ ಆಡುವವನು. ಸಹಾಯ ಕೇಳಿ ಬಂದಾಗಲೆಲ್ಲ ಪ್ರಶ್ನೆಯೊಂದಿಗೇ ಹಿಂದಕ್ಕೆ ಕಳಿಸಿದೆ. ಅದು ಅವನಿಗೆ ಬಾಗಿಲು ಮುಚ್ಚಿದಂತೆ ಕಂಡಿತು ಎಂದು ಬಹಳ ತಡವಾಗಿ ಅರ್ಥವಾಯಿತು. ಈಗ ಅಂಥ ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳುತ್ತೇನೆ. ಮೀಟರಿನ ಕಡ್ಡಿ ಅವರ ಕೈಯಲ್ಲಿ, ಅಂಕಿ ಬರೆದುಕೊಳ್ಳುವುದು ನಾನು. ಮುಟ್ಟುವುದಿಲ್ಲ, ಆದರೆ ಎದ್ದು ಹೋಗುವುದೂ ಇಲ್ಲ. ಆ ಹುಡುಗನಿಗೆ ಇಷ್ಟು ಮಾಡಿದ್ದರೆ ಸಾಕಿತ್ತು.

ಅದೇ ವರ್ಷ ಇನ್ನೊಬ್ಬ ವಿದ್ಯಾರ್ಥಿ ಕಸದ ಡಬ್ಬಿಯನ್ನೇ ಆರಿಸಿಕೊಂಡ, ಅವನದೂ ಅದೇ ಹಾಗೆ ನಡುಗಿತು. ನಾನು ಕೈ ಹಿಂದೆ ಕಟ್ಟಿಕೊಂಡೆ. 5 ವೋಲ್ಟ್ ಇರಬೇಕಾದ ಕಡೆ ಮೀಟರ್ ಒಮ್ಮೆ 3.9ಕ್ಕೆ ಇಳಿದು ಮೇಲೆದ್ದಿತು. ಮೀಟರ್ ನಿಧಾನ, ನಿಜವಾದ ಕುಸಿತ ಅದಕ್ಕಿಂತ ಆಳವಾಗಿದ್ದೀತು. ಅವನು ಬ್ಯಾಟರಿಯ ಕಡೆ ಹೋಗಲೇ ಇಲ್ಲ. ಸರ್ವೋ ಯಾಕೆ ಅಷ್ಟು ಕರೆಂಟ್ ಕೇಳುತ್ತಿದೆ ಎಂದು ಮುಚ್ಚಳವನ್ನು ತೂಗಿದ. 150 ಗ್ರಾಂ. ಅದರ ಗುರುತ್ವ ಕೇಂದ್ರ ಕೀಲಿನಿಂದ 10 ಸೆಂಟಿಮೀಟರ್ ದೂರ. ಮುಚ್ಚಳ ಅಡ್ಡಲಾಗಿರುವಾಗ ಬೇಕಾದ ಟಾರ್ಕ್, ಅಂದರೆ ತಿರುಗಿಸುವ ಬಲ, 1.5 ಕಿಲೋಗ್ರಾಂ-ಸೆಂಟಿಮೀಟರ್, ಆ ಸರ್ವೋದ ಗರಿಷ್ಠ ಟಾರ್ಕೇ 1.8. ಕೀಲಿನ ಹಿಂದೆ 6 ಸೆಂಟಿಮೀಟರ್ ದೂರದಲ್ಲಿ 150 ಗ್ರಾಂ ನಟ್ಟುಗಳನ್ನು ಕಟ್ಟಿ ಬೇಕಾದ ಟಾರ್ಕನ್ನು 0.6ಕ್ಕೆ ಇಳಿಸಿದ. ಸರ್ವೋವನ್ನು ಒಂದೊಂದೇ ಡಿಗ್ರಿ ತಿರುಗುವಂತೆ ಪ್ರೋಗ್ರಾಮ್ ಬರೆದ. ನಡುಕ ನಿಂತಿತು. ನಾಲ್ಕು ದಿನ ಹಿಡಿದಿತ್ತು, ಆದರೆ ನನ್ನ ಪರಿಹಾರಕ್ಕಿಂತ ಅವನದು ಮೇಲು. ನಾನು ಹಸಿವನ್ನು ಹಾಗೇ ಬಿಟ್ಟು ಊಟ ಹೆಚ್ಚಿಸಿದ್ದೆ, ಅವನು ಹಸಿವನ್ನೇ ಇಳಿಸಿದ. ನಾನು ಕೈ ಹಾಕಿದ್ದರೆ ಈ ದಾರಿ ನನಗೂ ಕಾಣುತ್ತಿರಲಿಲ್ಲ.

ಆ ಹುಡುಗಿ ಮರುವರ್ಷ ಮುಂದಿನ ಹಂತದ ಐಚ್ಛಿಕಕ್ಕೆ ಸೇರಿದಳು. ಮೊದಲ ವಾರವೇ ಅವಳ ಹಳೆಯ ಡಬ್ಬಿಯನ್ನು ಕಪಾಟಿನಿಂದ ತೆಗೆದು, ನಾನು ಹಾಕಿದ್ದ ಸೆಲ್ ಪೆಟ್ಟಿಗೆಯನ್ನು ಬಿಚ್ಚಿ ಪಕ್ಕಕ್ಕಿಟ್ಟು ಅವಳ ಮುಂದಿರಿಸಿದೆ. ಕಳೆದ ವರ್ಷ ನಾನು ನಿನ್ನ ಕೆಲಸವನ್ನು ಕಿತ್ತುಕೊಂಡೆ, ಅದನ್ನು ಹಿಂದಕ್ಕೆ ಕೊಡುತ್ತಿದ್ದೇನೆ ಎಂದೆ. ಎರಡು ತರಗತಿಗಳಲ್ಲಿ ಅವಳು ರೀಸೆಟ್ ಆಗುವುದನ್ನು ಹಿಡಿದಳು. ಮೂರನೆಯದರಲ್ಲಿ ಎರಡನೆಯ ಬ್ಯಾಟರಿಯನ್ನು ತಾನೇ ಜೋಡಿಸಿದಳು, ಗ್ರೌಂಡ್ ಸೇರಿಸುವುದನ್ನು ಮರೆತು ಒಂದು ಗಂಟೆ ಹುಡುಕಿದಳು, ಸೇರಿಸಿದಳು. ಆಮೇಲೆ ಸರ್ವೋದ ವಿವರಪತ್ರವನ್ನು ಓದುತ್ತಾ ಕುಳಿತವಳು ನನ್ನನ್ನು ಕರೆದಳು.

"ಮೇಡಂ, ಇದು 4.8ರಿಂದ 6 ವೋಲ್ಟ್‌ವರೆಗೆ ಎಂದು ಇಲ್ಲಿ ಬರೆದಿದೆ. ನಿಮ್ಮ ನಾಲ್ಕು ಸೆಲ್‌ಗಳ ಪೆಟ್ಟಿಗೆಗೆ ಹೊಸ ಸೆಲ್ ಹಾಕಿದರೆ ಮೀಟರ್ 6.4 ತೋರಿಸುತ್ತಿದೆ. ಅವತ್ತು ನೀವು ಅಳೆದಿದ್ದಿರಾ?"

ಅಳೆದಿರಲಿಲ್ಲ. ಸೆಲ್ಲಿನ ಮೇಲೆ 1.5 ಎಂದು ಬರೆದಿದೆ, ನಾಲ್ಕಕ್ಕೆ 6 ಎಂದು ಲೆಕ್ಕ ಹಾಕಿದ್ದೆ ಅಷ್ಟೇ. ಹೊಸ ಕ್ಷಾರೀಯ ಸೆಲ್ ಸುಮಾರು 1.6 ವೋಲ್ಟ್ ಇರುತ್ತದೆ ಎಂಬುದು ನನಗೆ ಗೊತ್ತಿತ್ತು, ಆ ಅವಸರದ ಸಂಜೆ ನೆನಪಾಗಲಿಲ್ಲ. ಅವಳಿಗೆ ಹಾಗೆಯೇ ಹೇಳಿದೆ. ಅವಳು ಒಂದು ಸೆಲ್ ತೆಗೆದು, ಖಾಲಿಯಾದ ಜಾಗದಲ್ಲಿ ತಂತಿ ಸೇರಿಸಿ, ಮತ್ತೆ ಅಳೆದಳು. 4.8. ಮುಚ್ಚಳ ಮೊದಲಿಗಿಂತ ಸ್ವಲ್ಪ ನಿಧಾನವಾಗಿ ಎದ್ದಿತು. ಅವಳು ದಿನಾಂಕ ಹಾಕಿ ಆ ಅಂಕಿಯನ್ನು ಬರೆದುಕೊಂಡಳು.